ಕತ್ತರಿಗೆ ಸಿಕ್ಕ ಎದೆಪಟ್ಟಿಗಳು

ಬೆಳಿಗ್ಗೆ ಪರೀಕ್ಷಕರು ಎದೆಬಡಿತ ಎಣಿಸುವ ಹೊಸ ಎದೆಪಟ್ಟಿ ಕಟ್ಟಿಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿದರು. ಕೈಯಲ್ಲಿದ್ದ ಅಂಕೆಯ ಡಬ್ಬಿಯಲ್ಲಿ ಎದೆಬಡಿತ ನೂರಾಹತ್ತಕ್ಕೆ ಏರಿ, ನಡುವೆ ಮುಗ್ಗರಿಸಿ, ನಲವತ್ತಕ್ಕೆ ಬಿದ್ದು, ಮತ್ತೆ ಎದ್ದಿತು. ಅದರ ಕೆಳಗೇ ಕಟ್ಟಿದ್ದ ಹಳೆಯ ಪಟ್ಟಿಯ ಡಬ್ಬಿ ಎಂದಿನಂತೆ ಎಪ್ಪತ್ತೆರಡು ತೋರಿಸುತ್ತಿತ್ತು.

“ಇದೂ ದಂಡ,” ಎಂದು ಏದುಸಿರು ಬಿಡುತ್ತಾ ಅವರು ಕತ್ತರಿ ತೆಗೆದುಕೊಂಡರು.

ಆ ಕಾರ್ಖಾನೆಯ ಪದ್ಧತಿಯೇ ಹಾಗೆ. ಹೊಸ ಪಟ್ಟಿಯನ್ನು ಹಳೆಯದರ ಜೊತೆ ಕಟ್ಟಿ ನೋಡಬೇಕು. ಎರಡೂ ಒಪ್ಪದಿದ್ದರೆ ಹೊಸದನ್ನು ಪರೀಕ್ಷಕರೇ ಕೈಯಾರೆ ತುಂಡರಿಸಬೇಕು. ಹಳೆಯದಕ್ಕೆ ಆರುನೂರು ಒಗೆತವಾಗಿತ್ತು. ಜೋತುಬಿದ್ದ ಅದನ್ನು ಎರಡು ಪಿನ್ನುಗಳು ಹಿಡಿದಿದ್ದವು. ಆದರೂ ಕೂತರೆ ಎಪ್ಪತ್ತೆರಡು, ಮೆಟ್ಟಿಲು ಹತ್ತಿದರೆ ಎಪ್ಪತ್ತೆರಡು. “ಬಾಳಿಕೆ ಅಂದ್ರೆ ಇದು. ನನ್ನೆದೇನೂ ಇದರ ಹಾಗೇ ಗಟ್ಟಿ,” ಎಂದು ಅವರು ಬೀಗುತ್ತಿದ್ದರು. ಸಂಜೆ ಹೆಂಡತಿ “ಮುಖ ಯಾಕೆ ಹೀಗೆ ಬಿಳಚಿಕೊಂಡಿದೆ?” ಎಂದು ಗಾಬರಿಯಾದರೆ, ಕೈಚೀಲದಲ್ಲಿ ಮನೆಗೂ ತಂದ ಅದೇ ಡಬ್ಬಿ ತೋರಿಸಿ “ಎಪ್ಪತ್ತೆರಡು ಕಣೇ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ವರ್ಷದ ಎರಡು ಕಂತು ಮಾಲು ಆಗಲೇ ಅವರ ಕತ್ತರಿಗೆ ಆಹುತಿಯಾಗಿತ್ತು. ಇವತ್ತಿನ ಹನ್ನೆರಡು ಪಟ್ಟಿಗಳೇ ಕೊನೆ. ನಾಲ್ಕು ಗಂಟೆಗೆ ಗಿರಾಕಿ ಬರುವಷ್ಟರಲ್ಲಿ ಒಂದಾದರೂ ಪಾಸಾಗದಿದ್ದರೆ ವಿಭಾಗಕ್ಕೆ ಬೀಗ, ಎಂಟು ಜನ ಮನೆಗೆ.

“ಬಿಗಿಯಾಗಿ ಕಟ್ಟಿ ಸಾರ್,” ಅಂದ ವಾಚ್‌ಮನ್. ಬಿಗಿದರು. ಉಸಿರು ಕಟ್ಟಿತು, ಅಂಕೆ ಮುಗ್ಗರಿಸಿತು.

“ನೀರು ಹಚ್ಚಿ,” ಅಂದರು ಲೆಕ್ಕದ ಗುಮಾಸ್ತೆ. ಹಚ್ಚುವುದಕ್ಕೆ ಹೇಳಿದವರೇ ಒಂದು ಚೊಂಬು ಸುರಿದರು. ಪರೀಕ್ಷಕರು ನೆನೆದ ಕೋಳಿಯಂತೆ ನಡುಗುತ್ತಾ ಮತ್ತೆ ಮೂರು ಮಹಡಿ ಹತ್ತಿದರು. ಅಂಕೆ ಮತ್ತೂ ಮುಗ್ಗರಿಸಿತು.

ಊಟದ ಹೊತ್ತಿಗೆ ಹನ್ನೊಂದು ಪಟ್ಟಿಗಳು ಬುಟ್ಟಿಯಲ್ಲಿ ಬಿದ್ದಿದ್ದವು. ಎಲ್ಲರ ಮುಖದಲ್ಲೂ ಸೂತಕದ ಕಳೆ. ಹನ್ನೆರಡನೆಯದೂ ಎಡವಿ, ಕತ್ತರಿ ಬಾಯಿ ತೆರೆದಾಗ ಪಟ್ಟಿ ಹೊಲಿಯುವ ಅಕ್ಕನಿಗೆ ತಡೆಯಲಾಗಲಿಲ್ಲ.

“ಕೊಡಿ ಇಲ್ಲಿ! ಕಣ್ಣು ಹೋಗೋ ಹಾಗೆ ಹೊಲಿದಿದೀನಿ,” ಎಂದು ಕಿತ್ತುಕೊಂಡು ತಾನೇ ಕಟ್ಟಿಕೊಂಡು ಬಂದಳು. ಎಂಬತ್ತು, ಎಂಬತ್ತೊಂದು, ಒಂದು ಬಡಿತವೂ ತಪ್ಪಲಿಲ್ಲ. ವಾಚ್‌ಮನ್ ಕಟ್ಟಿಕೊಂಡ, ಸರಿಯಾಗಿತ್ತು. ಮ್ಯಾನೇಜರು ಕಟ್ಟಿಕೊಂಡು ಎಲ್ಲರನ್ನೂ ಬೈದರು. ಅಂಕೆ ಬೈಗುಳದ ಜೊತೆ ಏರಿ, ಬೈಗುಳದ ಜೊತೆ ಇಳಿಯಿತು.

“ಹಾಗಾದ್ರೆ ಹಳೇದು?” ಎಂದಳು ಅಕ್ಕ.

ಅಷ್ಟರಲ್ಲಿ ನೆನೆದ ಅಂಗಿ ಬದಲಿಸುವಾಗ ಪರೀಕ್ಷಕರು ಹಳೆಯ ಪಟ್ಟಿಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದರು. ಎಲ್ಲರೂ ತಿರುಗಿ ಡಬ್ಬಿ ನೋಡಿದರು. ಕುರ್ಚಿಗೆ ಎಪ್ಪತ್ತೆರಡು.

ಯಾರೂ ನಗಲಿಲ್ಲ. ಬೆವರಿನ ಉಪ್ಪು ತಿಂದು ಎಂದೋ ಸತ್ತಿದ್ದ ಪಟ್ಟಿ ಅದು. ಕೊನೆಯ ಅಂಕೆ ಡಬ್ಬಿಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಪರೀಕ್ಷಕರು ಬುಟ್ಟಿಯತ್ತ ತಿರುಗಿದರು. ಕತ್ತರಿಸಿದ ಪಟ್ಟಿಗಳೆಲ್ಲ ನಿಜವನ್ನೇ ಹೇಳಿದ್ದವು.

ಕಾರ್ಖಾನೆಯ ಡಾಕ್ಟರು ಬಹಳ ಹೊತ್ತು ಎದೆಗೆ ಕಿವಿಗೊಟ್ಟರು. “ಬಡಿತ ತಪ್ತಾ ಇದೆ. ದೊಡ್ಡಾಸ್ಪತ್ರೆಗೆ ಮುಂದಿನ ವಾರ ಬರೆದುಕೊಡ್ತೀನಿ. ಅಲ್ಲಿವರೆಗೂ ಮೆಟ್ಟಿಲು ಹತ್ತಬೇಡಿ. ಒಳ್ಳೇ ಎದೆಪಟ್ಟಿ ಒಂದು ಕಟ್ಟಿಕೊಂಡೇ ಇರಿ. ನಲವತ್ತಕ್ಕೆ ಇಳಿದ್ರೆ ತಕ್ಷಣ ಓಡಿ ಬನ್ನಿ. ಪಟ್ಟಿಗೇನು ಬರ, ನಿಮ್ಮ ಕಾರ್ಖಾನೆಯೇ ಇದೆಯಲ್ಲ!”

ಪರೀಕ್ಷಕರು ಉಗ್ರಾಣಕ್ಕೆ ಹೋದರು. ಉಗ್ರಾಣದವನು ಕತ್ತರಿಸಿದ ತುಂಡುಗಳ ಬುಟ್ಟಿ ತೋರಿಸಿದ. ಹನ್ನೆರಡನೆಯದನ್ನು ಗಿರಾಕಿ ಕಣ್ಣಿಗೊತ್ತಿಕೊಂಡು ಒಯ್ದಾಗಿತ್ತು. ವಿಭಾಗ ಉಳಿದಿತ್ತು; ಮ್ಯಾನೇಜರು ಎಲ್ಲರ ಕೈ ಕುಲುಕುತ್ತಿದ್ದರು.

“ಹೊಸ ಬಟ್ಟೆ ಬರೋಕೆ ಒಂದು ವಾರ ಆಗತ್ತೆ ಅಣ್ಣ,” ಎಂದಳು ಅಕ್ಕ ತಲೆ ತಗ್ಗಿಸಿ. “ಬಂದ ಕೂಡಲೇ ಮೊದಲನೇದು ನಿಮಗೇ.”

ಸಂಜೆ ಮನೆಯಲ್ಲಿ ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ ಅವರ ಕೈಚೀಲದಿಂದ ಹಳೆಯ ಪಟ್ಟಿಯನ್ನೂ ಡಬ್ಬಿಯನ್ನೂ ತೆಗೆದಳು. ತಾನೇ ಅವರ ಎದೆಗೆ ಕಟ್ಟಿ, ಪಿನ್ನು ಚುಚ್ಚಿ, ಡಬ್ಬಿ ನೋಡಿ ಉಸಿರು ಬಿಟ್ಟಳು.

“ಎಪ್ಪತ್ತೆರಡು! ಇಡೀ ದಿನ ಮನಸ್ಸಿಗೆ ಏನೋ ಕೆಟ್ಟದ್ದು ಹೊಳೀತಿತ್ತು ಕಣ್ರೀ. ನೀವು ಏನೋ ಹೇಳೋಕೆ ಬಂದ್ರಲ್ಲ?”

ಅವಳು ಬಹಳ ದಿನಗಳ ಮೇಲೆ ನಗುತ್ತಿದ್ದಳು.

“ಏನಿಲ್ಲ,” ಎಂದರು ಪರೀಕ್ಷಕರು.