ಎಂಟೂಕಾಲರ ಬಸ್ಸಿಗೆ ನಾನು ಜನ ಸೇರಿಸಿದ್ದು

ಬಸ್ಸಿಗೆ ಜನ ಸೇರಿಸುವುದು ಎಂಥ ಮಹಾ ವಿದ್ಯೆ! ದಾವಣಗೆರೆಯ ಕಾಲೇಜು ದಿನಗಳಲ್ಲಿ ನಮ್ಮದೇ ತಂಡದ ನಾಟಕಗಳಿಗೆ ಮನೆಮನೆ ತಿರುಗಿ ಟಿಕೆಟ್ ಮಾರಿದವನು ನಾನು. ಅಂಥ ಕೆಟ್ಟ ನಾಟಕಗಳಿಗೇ ಜನ ಸೇರಿಸಿದವನಿಗೆ ಒಂದು ಒಳ್ಳೆಯ ಬಸ್ಸಿಗೆ ಜನ ಸೇರಿಸುವುದು ಕಷ್ಟವೇ? ಈಗಲೂ ಎದೆ ತಟ್ಟಿ ಹೇಳುತ್ತೇನೆ, ಜನ ಸೇರಿದರು. ಆ ವಿಷಯದಲ್ಲಿ ಮಾತ್ರ ನನ್ನ ಕಡೆಗೆ ಯಾರೂ ಬೆರಳು ತೋರಿಸುವಂತಿಲ್ಲ.

ನಾವಿರುವುದು ಕೊಯಮತ್ತೂರಿನಲ್ಲಿ, ಗಣಪತಿ ಎಂಬ ಪೇಟೆ ದಾಟಿ ಸತ್ಯಮಂಗಲದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಹೊಸ ಬಡಾವಣೆಯಲ್ಲಿ. ಇಲ್ಲಿ ಮನೆಗೊಂದು ಕಾರಿದೆ. ಕೆಲವು ಮನೆಗಳಲ್ಲಿ ಕಾರಿಗೊಂದು ಮನೆ ಇದೆ ಎನ್ನುವಷ್ಟು ದೊಡ್ಡ ಕಾರುಗಳು. ಬಡಾವಣೆಯ ಬಾಯಿಗೆ ಬೆಳಿಗ್ಗೆ ಎಂಟೂಕಾಲಕ್ಕೆ ಒಂದೇ ಒಂದು ಟೌನ್ ಬಸ್ ಬರುತ್ತದೆ. ಅದನ್ನು ನಂಬಿಕೊಂಡವರು ಮೂವರು ಹೆಂಗಸರು. ಅವರಲ್ಲಿ ಮುಖ್ಯರು ನಮ್ಮ ಹಿಂದಿನ ಬೀದಿಯ ರಂಗಮ್ಮಕ್ಕ.

ರಂಗಮ್ಮಕ್ಕನ ಮನೆಯವರು ಕಾರಮಡೈ ಕಡೆಯ ಹಳೆಯ ಕನ್ನಡದವರು. ಕನ್ನಡ ಓದಲು ಬಾರದು, ಆಡಿದರೆ ಅರ್ಧ ತಮಿಳು. ಆದರೂ ಆ ಅರ್ಧ ಕನ್ನಡ ಕಿವಿಗೆ ಬಿದ್ದರೆ ನನಗೆ ತವರಿಗೆ ಹೋಗಿ ಬಂದಷ್ಟು ಖುಷಿ. ಅವರು ಗಣಪತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾರೆ. ಸಮಯ ಮೀರಿದರೆ ಅಲ್ಲಿ ಗೇಟು ಮುಚ್ಚುತ್ತದೆ, ಅರ್ಧ ದಿನದ ಸಂಬಳ ಹೋಗುತ್ತದೆ. ಹೀಗೆ ಮೇಲಿಂದ ಮೇಲೆ ಆದರೆ ಕೆಲಸವೂ ಹೋಗುತ್ತದೆ.

ಒಂದು ಭಾನುವಾರ ನಿವಾಸಿಗಳ ಸಂಘದ ಸಭೆ. ಕಾರ್ಯದರ್ಶಿ ತಂಗವೇಲು ಅವರು ಗಂಟಲು ಸರಿಮಾಡಿಕೊಂಡು ತಮಿಳಿನಲ್ಲಿ ಸುದ್ದಿ ಹೇಳಿದರು. ನಮ್ಮ ಭಾಗಕ್ಕೆ ನಗರಪಾಲಿಕೆಯವರು ಒಂದಿಷ್ಟು ಹಣ ಇಟ್ಟಿದ್ದಾರೆ. ಅದರಲ್ಲಿ ರಸ್ತೆ ಅಗಲ ಮಾಡಿ ಹೆದ್ದಾರಿಗೆ ಸೇರಿಸಬಹುದು, ಇಲ್ಲವೇ ಬಸ್ಸು ಹೆಚ್ಚಿಸಬಹುದು. ಎರಡಕ್ಕೂ ಸಾಲದು. ಮುಂದಿನ ಸೋಮವಾರ ಬೆಳಿಗ್ಗೆ ಅಧಿಕಾರಿಗಳು ಬಸ್ ಸ್ಟಾಪಿನಲ್ಲಿ ನಿಂತು ಎಣಿಸುತ್ತಾರೆ, ಎಣಿಕೆ ನೋಡಿ ತೀರ್ಮಾನ.

"ಎಣಿಸುವುದಕ್ಕೇನಿದೆ? ಮೂರು ಜನ ಹತ್ತುವ ಬಸ್ಸು, ಅದೂ ನಿಂತೀತು! ರಸ್ತೆ ಬಂದಂತೆಯೇ" ಎಂದು ತಂಗವೇಲು ನಕ್ಕರು. ಅವರ ಬಿಳಿ ಕಾರು ನಮ್ಮ ರಸ್ತೆಯಲ್ಲಿ ಬಂದರೆ ಎದುರಿನ ನಾಯಿಯೂ ಹಿಂದಕ್ಕೆ ಸರಿಯಬೇಕು. ಹಾಗಾಗಿ ಅವರ ಆಸೆಯಲ್ಲಿ ತಪ್ಪಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ರಂಗಮ್ಮಕ್ಕ ನನ್ನತ್ತ ತಿರುಗಿದರು. "ಸಾರ್, ಈ ಬಸ್ಸು ನಿಂತೋದ್ರೆ ನಾನು ವರ್ಕ್‌ಶಾಪು ವೇಲೆಗೆ ಹೆಂಗೆ ಹೋಗದು? ಸಾಯಂತ್ರ ಆದ್ರೆ ಮೆಲ್ಲ ನಡೆದು ಬಂದುಡ್ತೀನಿ, ಪರವಾಯಿಲ್ಲೆ. ಕಾಲೇಲಿ, ಬೆಳಗ್ಗೆ ಹೊತ್ತು, ಗೇಟು ಕಾಯ್ತದಾ, ಹೇಳಿ?"

ಬೇರೆಯವರಾಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ನನ್ನೊಳಗೆ ನಾಯಕನೊಬ್ಬ ಎದ್ದು ಕೂತ! ಮೇಜು ಕುಟ್ಟಿ ಘೋಷಿಸಿದೆ: "ಸೋಮವಾರ ಆ ಬಸ್ಸಿನ ಫುಟ್‌ಬೋರ್ಡಿನ ಮೇಲೂ ಕಾಲಿಡಲು ಜಾಗ ಇಲ್ಲದ ಹಾಗೆ ತುಂಬಿಸುತ್ತೇನೆ! ಈ ಬಡಾವಣೆಗೆ ಬರುವುದು ಬಸ್ಸೇ! ರಂಗಮ್ಮಕ್ಕ, ನೀವು ನಿಶ್ಚಿಂತೆಯಿಂದಿರಿ!"

ಚಪ್ಪಾಳೆ ಬಿತ್ತು. ತಂಗವೇಲು ಅವರೂ ಚಪ್ಪಾಳೆ ತಟ್ಟಿದರು. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಮನೆಗೆ ಬಂದು ಹೆಂಡತಿ ಸುಮಾಳಿಗೆ ಭಾಷಣವನ್ನು ಮತ್ತೊಮ್ಮೆ, ಇನ್ನಷ್ಟು ಸೇರಿಸಿ, ಒಪ್ಪಿಸಿದೆ. ಅವಳು ಬೀನ್ಸ್ ಮುರಿಯುತ್ತಾ ಕೇಳಿದಳು, "ಅಲ್ಲ ರೀ, ನೀವು ಆ ಬಸ್ ಹತ್ತಿದ್ದು ಯಾವಾಗ?"

"ಹತ್ತಿಲ್ಲ."

"ಒಂದ್ಸಲಾನೂ?"

"ನಾಯಕನಾದವನು ಒಟ್ಟಾರೆ ನೋಟ ಇಟ್ಟುಕೊಳ್ಳಬೇಕು ಸುಮಾ. ಸಣ್ಣಪುಟ್ಟ ವಿವರಗಳಲ್ಲಿ ಮುಳುಗಬಾರದು."

ಅವಳು ಮುಂದಿನ ಬೀನ್ಸನ್ನು ಸ್ವಲ್ಪ ಜೋರಾಗಿ ಮುರಿದಳು.

ಮರುದಿನದಿಂದ ಮನೆಮನೆ ಪ್ರವಾಸ. ಜನರ ಉತ್ಸಾಹ ನೋಡಿ ನನಗೆ ರೋಮಾಂಚನವಾಯಿತು. ಪ್ರಶ್ನೆಗಳು ಮಾತ್ರ ವಿಚಿತ್ರ. ಬಸ್ಸಿನಲ್ಲಿ ಎಸಿ ಇದೆಯೇ ಎಂದು ಒಬ್ಬರು. ಕಿಟಕಿಯ ಸೀಟು ಮೊದಲೇ ಕಾದಿರಿಸಬಹುದೇ ಎಂದು ಇನ್ನೊಬ್ಬರು. ಹತ್ತಿದ ಮೇಲೆ ಎಲ್ಲಿ ಇಳಿಯಬೇಕು ಎಂದು ಮತ್ತೊಬ್ಬರು. ಆದರೆ ಎಲ್ಲರೂ ತಪ್ಪದೆ ಕೇಳಿದ್ದು ಒಂದೇ: "ಟಿಫನ್ ಉಂಟಾ?"

ಟಿಫನ್ ಇಲ್ಲದೆ ಈ ಊರಿನಲ್ಲಿ ಮದುವೆಯೂ ಆಗದು, ಕ್ರಾಂತಿಯೂ ಆಗದು. ಪೊಂಗಲ್, ವಡೆ, ಫಿಲ್ಟರ್ ಕಾಫಿಗೆ ಹೇಳಿದೆ. ಟಿಫನ್ ಸುದ್ದಿ ಹಬ್ಬಿದ್ದೇ ತಡ, ಬರುತ್ತೇನೆಂದವರ ಸಂಖ್ಯೆ ಕೈಮೀರಿತು. ತಂಗವೇಲು ಅವರೇ ಫೋನ್ ಮಾಡಿ, "ಇಂಜಿನಿಯರ್ ಸಾರ್, ನಾನೂ ಬರುತ್ತೇನೆ, ನಮ್ಮವರನ್ನೂ ಕರೆತರುತ್ತೇನೆ" ಎಂದರು. ವಿರೋಧಿಯ ಮನಸ್ಸನ್ನೂ ಗೆದ್ದೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇನ್ನು ಫ್ಲೆಕ್ಸ್. ಫ್ಲೆಕ್ಸ್ ಇಲ್ಲದ ಕಾರ್ಯಕ್ರಮವನ್ನು ಇಲ್ಲಿ ಯಾರೂ ಕಾರ್ಯಕ್ರಮವೆಂದು ಒಪ್ಪುವುದಿಲ್ಲ. ಅಂಗಡಿಯವನಿಗೆ 'ನಮಗೆ ಬಸ್ ಬೇಕು' ಎಂದು ತಮಿಳಿನಲ್ಲಿ ದೊಡ್ಡದಾಗಿ ಬರೆಯಲು ಹೇಳಿದೆ. ಅವನು ಅದೆಷ್ಟು ಇಂಥವನ್ನು ಮಾಡಿದ್ದನೋ, 'ಬೇಕು' ಎಂದ ತಕ್ಷಣ ಅವನ ಕಂಪ್ಯೂಟರಿನಲ್ಲಿ ಬಿಗಿದ ಮುಷ್ಟಿಯ ಚಿತ್ರ ತಾನಾಗಿಯೇ ಬಂದು ಕುಳಿತಿತು. ಹಿನ್ನೆಲೆಗೆ ಬೆಂಕಿಯ ಬಣ್ಣ. ಪಕ್ಕದಲ್ಲಿ ಕೈಮುಗಿದ ನಾನು, ಅಸಲಿಗಿಂತ ಎರಡು ಪಟ್ಟು ದೊಡ್ಡವನು, ನಾಲ್ಕು ಪಟ್ಟು ಬೆಳ್ಳಗಿನವನು! ಮುಷ್ಟಿ ಸ್ವಲ್ಪ ಹೆಚ್ಚಾಯಿತೇ ಎಂದು ಅನುಮಾನ ಬಂತು. ನನ್ನ ಫೋಟೊ ಚೆನ್ನಾಗಿ ಬಂದಿದ್ದರಿಂದ ಸುಮ್ಮನಾದೆ.

ಸೋಮವಾರ ಬಂತು. ಪೊಂಗಲ್ ಪಾತ್ರೆ, ವಡೆಯ ಬುಟ್ಟಿ, ಫ್ಲೆಕ್ಸ್ ಎಲ್ಲವನ್ನೂ ಹೊತ್ತು ನಡೆಯಲು ಸಾಧ್ಯವೇ? ಕಾರಿನಲ್ಲೇ ಹೋದೆ. ಬಸ್ ಸ್ಟಾಪಿನ ಪಕ್ಕದ ಬೇವಿನ ಮರಕ್ಕೆ ಫ್ಲೆಕ್ಸಿನ ಒಂದು ಕೋಲು ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೆ. ಅಧಿಕಾರಿಣಿಯೊಬ್ಬರು ಆಗಲೇ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎರಡೂ ಕೈಯಲ್ಲಿ ಗುಂಡಿ ಒತ್ತಿ ಎಣಿಸುವ ಒಂದೊಂದು ಯಂತ್ರ. ರಂಗಮ್ಮಕ್ಕ ಮತ್ತು ಉಳಿದ ಇಬ್ಬರು ಊಟದ ಡಬ್ಬಿ ಹಿಡಿದು ನಿಂತಿದ್ದರು.

ಜನ ಬರತೊಡಗಿದರು. ಬಿಸಿಲೆಂದು ಕಾರಿನಲ್ಲಿ ಬಂದರು, ಮೊಣಕಾಲು ನೋವೆಂದು ಸ್ಕೂಟರಿನಲ್ಲಿ ಬಂದರು, ಪೊಂಗಲ್ ಆರಿಹೋದೀತೆಂದು ವೇಗವಾಗಿ ಬಂದರು. ಒಂದೇ ಮನೆಯ ಗಂಡ ಹೆಂಡತಿ ಬೇರೆ ಬೇರೆ ವಾಹನದಲ್ಲಿ ಬಂದರು! ರಸ್ತೆಯ ಈ ಬದಿ ತುಂಬಿ ಆ ಬದಿಗೂ ನಿಲ್ಲಿಸತೊಡಗಿದರು. ತಂಗವೇಲು ಅವರ ಬಿಳಿ ಕಾರು, ಅದರ ಹಿಂದೆ ಅವರ ಕಡೆಯವರ ಕಾರುಗಳ ಮೆರವಣಿಗೆ. ಒಬ್ಬೊಬ್ಬರು ಬಂದಾಗಲೂ ಅಧಿಕಾರಿಣಿಯ ಬಲಗೈ ಹೆಬ್ಬೆರಳು ಟಕ್ ಎನ್ನುತ್ತಿತ್ತು. ಆಹಾ, ಆ ಟಕ್ ಟಕ್! ಹಾಲು ಕುಡಿದಷ್ಟು ಸಂತೋಷವಾಯಿತು.

ಇಷ್ಟಾದರೂ ಕೆಲವು ಸೋಮಾರಿಗಳು ಬಂದಿರಲಿಲ್ಲ. ಫೋನ್ ತೆಗೆದು ಒಬ್ಬೊಬ್ಬರಿಗೂ ಕಿರುಚಿದೆ. "ಇನ್ನೂ ಮನೆಯಲ್ಲೇ ಇದ್ದೀರಾ? ನಡೆದು ಬಂದರೆ ತಡವಾಗುತ್ತದೆ, ಕಾರು ತೆಗೆಯಿರಿ! ಮಗನ ಬೈಕೂ ಬರಲಿ!"

ಬಂದವು. ಟಕ್, ಟಕ್, ಟಕ್!

ಕೊನೆಗೆ ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. "ಬಂತು! ಬಂತು!" ಎಂದು ಜನ ವಡೆ ಹಿಡಿದ ಕೈಗಳನ್ನೇ ಮೇಲೆತ್ತಿ ಕೂಗಿದರು. ಈಗ ನೀವು ಡ್ರೈವರನ ಜಾಗದಲ್ಲಿ ಕುಳಿತು ನೋಡಿ. ದಿನವೂ ಮೂವರು ಹೆಂಗಸರು ನಿಲ್ಲುವ ಜಾಗದಲ್ಲಿ ಜನಸಾಗರ. ರಸ್ತೆಗೆ ಅಡ್ಡಡ್ಡ ವಾಹನ. ಕೈ ಎತ್ತಿ ಕೂಗುತ್ತಿರುವ ಗುಂಪು. ಬೆಂಕಿ. ಮುಷ್ಟಿ. ಇದನ್ನು ನೋಡಿ ಯಾವ ಡ್ರೈವರ್ ತಾನೇ ಓಹೋ ಪ್ರಯಾಣಿಕರು ಎಂದುಕೊಂಡಾನು!

"ಮರಿಯಲ್! ಮರಿಯಲ್!" ಎಂದು ಕಂಡಕ್ಟರ್ ಅರಚಿದ್ದು ನಮಗೂ ಕೇಳಿಸಿತು. ಮರಿಯಲ್ ಎಂದರೆ ರಸ್ತೆ ತಡೆ. ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿಯತೊಡಗಿತು.

ನಾನು ಬಿಡುತ್ತೇನೆಯೇ? ಓಡಿದೆ! ಕೈಯಲ್ಲಿದ್ದ ಕೋಲನ್ನು ಬಿಡಲು ಮರೆತಿದ್ದರಿಂದ ಫ್ಲೆಕ್ಸೂ ಮರದಿಂದ ಕಿತ್ತುಕೊಂಡು ನನ್ನ ಜೊತೆ ಓಡಿತು. "ನಿಲ್ಲಿಸಿ! ನಿಲ್ಲಿಸಿ!" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದೆ. ನನ್ನ ಹಿಂದೆ ಅರ್ಧ ಬಡಾವಣೆ. ಮುಂದಿನ ಗಾಜಿನಲ್ಲಿ ಡ್ರೈವರನಿಗೆ ಏನು ಕಂಡಿತೋ, ಪಿಳ್ಳೈಯಾರ್ ಗುಡಿಯ ಬಳಿ ಒಂದೇ ಏಟಿಗೆ ಬಸ್ಸು ತಿರುಗಿಸಿ, ಅದು ತನ್ನ ಆಯುಷ್ಯದಲ್ಲೇ ಕಾಣದ ವೇಗದಲ್ಲಿ ಪರಾರಿಯಾದ.

"ಸಾರ್, ಆ ಬೋರ್ಡ್ ಕೀಳೆ ನೆಲಕ್ಕೆ ಹಾಕಿ ಸಾರ್! ಅದ ನೋಡಿಯೇ ಅವನು ಹೆದ್ರಿದ್ದು!" ಹಿಂದಿನಿಂದ ಓಡಿ ಬಂದ ರಂಗಮ್ಮಕ್ಕ ಏದುಸಿರು ಬಿಡುತ್ತಿದ್ದರು.

ಅಷ್ಟರಲ್ಲಿ ಪೊಲೀಸ್ ಜೀಪು. ರಸ್ತೆ ತಡೆಯ ದೂರು ಹೋಗಿತ್ತು. "ತಲೈವರ್ ಯಾರು?" ಎಂದು ಎಸ್.ಐ. ಗುಡುಗಿದರು. ನಾಯಕ ಯಾರು ಎಂಬ ಪ್ರಶ್ನೆಗಾಗಿಯೇ ನಾನು ವಾರವಿಡೀ ಕಾದಿದ್ದೆ. ಆದರೆ ಆ ಕ್ಷಣ ಯಾಕೋ ಉತ್ತರಿಸುವ ಮನಸ್ಸಾಗಲಿಲ್ಲ. ಫ್ಲೆಕ್ಸಿನ ಹಿಂದೆ ಅವಿತುಕೊಂಡೆ. ಅದರ ಮುಂದೆಯೂ ನಾನೇ ಕೈಮುಗಿದು ನಿಂತಿದ್ದೆ! ಒಂದಿಷ್ಟು ಬೈಗುಳ, ಒಂದಿಷ್ಟು ವಡೆ, ವಾಹನ ತೆರವುಗೊಳಿಸಿ ಎಂಬ ಆಜ್ಞೆ, ಅಷ್ಟಕ್ಕೆ ಮುಗಿಯಿತು. ತೆರವಾಗಲು ಮಾತ್ರ ತುಂಬ ಹೊತ್ತು ಹಿಡಿಯಿತು. ಯಾರ ಕಾರು ಮೊದಲು ಹೋಗಬೇಕೆಂದು ಬೇರೆಯೇ ಜಗಳ ಶುರುವಾಗಿತ್ತು.

ಬಸ್ಸು ಓಡಿಹೋದರೂ ಎಣಿಕೆ ಆಗಿದೆಯಲ್ಲ ಎಂಬ ಸಮಾಧಾನದಿಂದ ನಾನು ಅಧಿಕಾರಿಣಿಯ ಬಳಿ ಹೋಗಿ ಕಾಫಿ ಕೊಟ್ಟೆ. "ಒಳ್ಳೆ ಸಂಖ್ಯೆ ಬಂತಲ್ವಾ ಮೇಡಂ?"

"ತುಂಬ ಒಳ್ಳೆಯದು ಸಾರ್!" ಎಂದರು ಅವರು, ನಿಜವಾದ ಮೆಚ್ಚುಗೆಯಿಂದ. "ಇಷ್ಟು ಕಿರಿದಾದ ರಸ್ತೆಗೆ ಇಷ್ಟೊಂದು ವಾಹನ ಬರುತ್ತವೆಂದು ನಮಗೆ ಗೊತ್ತೇ ಇರಲಿಲ್ಲ."

"ವಾಹನ?"

"ಬಲಗೈಯದು ವಾಹನದ ಲೆಕ್ಕ. ಎಡಗೈಯದು ಬಸ್ ಹತ್ತಿದವರ ಲೆಕ್ಕ." ಎಡಗೈಯ ಯಂತ್ರವನ್ನು ತೋರಿಸಿದರು. ದೊಡ್ಡದೊಂದು ಸೊನ್ನೆ. ದಿನವೂ ಹತ್ತುತ್ತಿದ್ದ ಆ ಮೂವರನ್ನೂ ನಾನು ಹತ್ತಲು ಬಿಟ್ಟಿರಲಿಲ್ಲ!

ತಂಗವೇಲು ಬಂದು ನನ್ನ ಕೈ ಕುಲುಕಿದರು. "ನಾವೇ ಪ್ರಯತ್ನ ಮಾಡಿದ್ದರೂ ಇಷ್ಟು ಕಾರು ಸೇರಿಸಲು ಆಗುತ್ತಿರಲಿಲ್ಲ, ಇಂಜಿನಿಯರ್ ಸಾರ್. ವಡೆ ಪ್ರಮಾದಂ!" ತಮಿಳಿನಲ್ಲಿ ಹಾಗೆಂದರೆ ಅಮೋಘ.

ನಾನು ತಿರುಗಿ ನೋಡಿದೆ. ರಂಗಮ್ಮಕ್ಕ ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದರು. ಗೇಟು ಮುಚ್ಚಿ ಆಗಿತ್ತು. "ಪರವಾಯಿಲ್ಲೆ ಸಾರ್, ನೀವು ನಲ್ಲ ಮನಸ್ಸಿಂದ ತಾನೆ ಮಾಡಿದ್ದು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ರಸ್ತೆಗೆ ಹಣ ಮಂಜೂರಾಯಿತು. ಸರ್ಕಾರಿ ಕೆಲಸ ನಿಧಾನ ಎನ್ನುವವರು ನಮ್ಮ ಬಡಾವಣೆಗೆ ಬಂದು ನೋಡಬೇಕು! ಅಗೆತ ಶುರುವಾಯಿತು, ಅಗೆದ ರಸ್ತೆಯಲ್ಲಿ ಬಸ್ಸು ಬಾರದೆಂದು ಎಂಟೂಕಾಲರ ಬಸ್ಸನ್ನು ನಿಲ್ಲಿಸಿದರು, ಬಸ್ಸೇ ಇಲ್ಲದ ಮೇಲೆ ಸ್ಟಾಪು ಯಾಕೆಂದು ಅದನ್ನೂ ಕೆಡವಿದರು.

ಆ ಸುದ್ದಿಯನ್ನು ನಾನು ಮೆಲ್ಲಗೆ ಹೇಳಿದಾಗ ಸುಮಾ ಕಾರಿನ ಕೀಲಿ ತಂದು ನನ್ನ ಕೈಯಲ್ಲಿಟ್ಟಳು.

"ನಾಳೆಯಿಂದ ಆ ಮೂವರನ್ನೂ ಗಣಪತಿಗೆ ಬಿಟ್ಟು ಬನ್ನಿ."

"ನನ್ನ ಆಫೀಸು ಅವಿನಾಶಿ ರಸ್ತೆಯಲ್ಲಿ ಸುಮಾ! ಅದು ಒಂದು ಕಡೆ, ಇದು ಒಂದು ಕಡೆ!"

"ಒಟ್ಟಾರೆ ನೋಟ ಇಟ್ಟುಕೊಳ್ಳಿ" ಎಂದಳು.

ಅಂದಿನಿಂದ ಎಂಟೂಕಾಲಕ್ಕೆ ನನ್ನ ಕಾರು ಹೊರಡುತ್ತದೆ. ಮೊದಲ ದಿನ ಮೂವರೂ ಮುದುಡಿ ಕುಳಿತು, "ನಿಮಗೆ ತೊಂದರೆ ಸಾರ್" ಎಂದರು. ಒಂದು ವಾರ ಕಳೆಯುವಷ್ಟರಲ್ಲಿ ಸಂಕೋಚ ಹೋಯಿತು. ಈಗ ನಾನು ಎರಡು ನಿಮಿಷ ತಡ ಮಾಡಿದರೆ ನಮ್ಮ ಮನೆ ಗೇಟಿನ ಮುಂದೆ ನಿಂತು, "ಏನ್ ಸಾರ್, ಹಿಂಗೆ ಲೇಟ್ ಮಾಡುದ್ರೆ ಹೆಂಗೆ? ಆ ಹಳೇ ಡ್ರೈವರಾದ್ರೂ ಕರೆಕ್ಟ್ ನೇರಕ್ಕೆ ಬರ್ತಿದ್ದ!" ಎಂದು ರಂಗಮ್ಮಕ್ಕ ಗದರುತ್ತಾರೆ. ಬ್ರೇಕ್ ಜೋರಾದರೆ ಹಿಂದಿನ ಸೀಟಿನಿಂದ ದೂರು. ಮೊನ್ನೆಯಿಂದ ಪಕ್ಕದ ಬೀದಿಯ ಇನ್ನೊಬ್ಬರು ಸೇರಿದ್ದಾರೆ, ಸೀಟು ಭರ್ತಿ. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂಬ ನಿಯಮ ನನ್ನ ಕಾರಿಗೂ ಅನ್ವಯಿಸುತ್ತದೆ. ಇದನ್ನು ಯಾರೂ ಚರ್ಚಿಸಲೇ ಇಲ್ಲ, ತಾನಾಗಿಯೇ ಜಾರಿಗೆ ಬಂತು.

ಒಂದು ಮಾತು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ. ರಸ್ತೆ ಅಗೆದಾಗಿನಿಂದ ಇಂದಿನವರೆಗೆ ರಂಗಮ್ಮಕ್ಕನಿಗೆ ಒಂದು ದಿನವೂ ಗೇಟು ಮುಚ್ಚಿಲ್ಲ. ಅರ್ಧ ದಿನದ ಸಂಬಳ ಹೋಗುತ್ತಿರುವುದು ನನಗೆ.

ನಿನ್ನೆ ನಮ್ಮ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. "ಏನ್ರೀ, ದಿನಾ ಲೇಟು. ಕಾರಣ ಏನು?"

"ಬಸ್ ಲೇಟಾಯ್ತು ಸಾರ್."

"ನೀವು ಕಾರಿನಲ್ಲಿ ಬರುವವರಲ್ಲವೇ? ಯಾವ ಬಸ್ಸು?"

ನಾನು ತಲೆ ತಗ್ಗಿಸಿ ಹೇಳಿದೆ: "ನಾನೇ ಸಾರ್."