ಕಾರಿನ ಮೂಗು ತೊಳೆದ ಶನಿವಾರ

ಬೆಳಗಾಗುವುದರೊಳಗೆ ನಾನು ಮಾಡಿ ಮುಗಿಸುವ ಕೆಲಸಗಳು: ಒಲೆಗೆ ಕಟ್ಟಿಗೆ ಹಾಕುವುದು, ಕಾಫಿ ಯಂತ್ರಕ್ಕೆ ಹೊಸ ಕಾಗದದ ಫಿಲ್ಟರ್ ಇಡುವುದು, ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಿಂದ ನೂಲಿನ ಉಂಡೆ ಕೀಳುವುದು, ಅಂಗಳದ ಹಿಮ ಬಾಚುವುದು, ಗಂಡನನ್ನು ಎಬ್ಬಿಸುವುದು, ಆತ ಎದ್ದಿಲ್ಲವೆಂದು ಮತ್ತೆ ಎಬ್ಬಿಸುವುದು. ಕಡೆಗೆ ನನ್ನ ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ್ದನ್ನು ಕೆರೆಯುವುದು. ಹೊರಗಿನಿಂದ ಒಮ್ಮೆ, ಒಳಗಿನಿಂದ ಇನ್ನೊಮ್ಮೆ!

ಇಷ್ಟೆಲ್ಲ ಬೆಳಗಾಗುವುದರೊಳಗೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಉತ್ತರ ಫಿನ್ಲೆಂಡಿನ ಡಿಸೆಂಬರಿನಲ್ಲಿ ಸೂರ್ಯ ನನ್ನ ಗಂಡ ತಪಾನಿಗಿಂತಲೂ ಸೋಮಾರಿ. ಆ ಸೂರ್ಯ ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ನಾನು ಶಾಲೆಯಲ್ಲಿ ಎರಡು ಪಾಠ ಮುಗಿಸಿರುತ್ತೇನೆ.

ಗಾಜಿನ ಹೊರಗಿನ ಹಿಮ ಆಕಾಶದ್ದು, ಒಪ್ಪಿದೆ. ಒಳಗಿನದು ಯಾರದು?

"ತಪಾನಿ, ಗಾಜು ಒಳಗಡೆನೂ ಮಬ್ಬಾಗ್ತಿದೆ ಕಣೋ. ರಸ್ತೇನೇ ಕಾಣಲ್ಲ."

"ಒರೆಸೋ ಬಟ್ಟೆ ಬಾಗಿಲ ಜೇಬಲ್ಲಿದೆ ಕಣೇ."

ಶರತ್ಕಾಲದಿಂದ ಇದೇ ಪ್ರಶ್ನೆ, ಇದೇ ಉತ್ತರ. ಮೊನ್ನೆ ಮಾತ್ರ ಉತ್ತರ ಸ್ವಲ್ಪ ಬೆಳೆಯಿತು. "ಫಿಲ್ಟರ್ ಕಟ್ಟಿರಬೇಕು. ಹಳೇ ಗಾಡಿ. ಇಬ್ಬರಿಗೆ ಎರಡು ಗಾಡಿ ಯಾಕೆ ಹೇಳು? ಭಾನುವಾರದೊಳಗೆ ಸರಿಯಾಗದಿದ್ರೆ ಮಾರಿಬಿಡೋಣ. ನಿನ್ನ ಶಾಲೆಗೆ ನಾನೇ ಬಿಟ್ಟು ಬರ್ತೀನಿ."

"ನೀನು ಏಳೋ ಹೊತ್ತಿಗೆ ಶಾಲೆ ಬಿಟ್ಟಿರುತ್ತೆ!"

ನನ್ನ ಕಾರು! ನನ್ನ ಶಾಲೆಗೆ, ನನ್ನ ಗೆಳತಿಯರ ಮನೆಗೆ, ಯಾರನ್ನೂ ಕೇಳದೆ ಹೋಗಿಬರುವ ನನ್ನ ನಾಲ್ಕು ಚಕ್ರದ ಸ್ವಾತಂತ್ರ್ಯ! ಸೊಂಟಕ್ಕೆ ಕೈಯಿಟ್ಟು ಘೋಷಿಸಿದೆ: "ಈ ಮನೆಯಲ್ಲಿ ಕಾಫಿಯ ಫಿಲ್ಟರ್ ನನ್ನದು, ಒಲೆಯ ಮೇಲಿನ ಜಿಡ್ಡಿನ ಜಾಲರಿ ನನ್ನದು, ಕಸ ಹೀರುವ ಯಂತ್ರದ ಚೀಲ ನನ್ನದು. ಕಾರಿನ ಫಿಲ್ಟರ್ ಮಾತ್ರ ಗಂಡಸರ ಬ್ರಹ್ಮವಿದ್ಯೆಯೋ? ಭಾನುವಾರ ಅತ್ತೆಯನ್ನ ಚರ್ಚಿನ ಗಾಯನಕ್ಕೆ ಅದೇ ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ನೀನು ಹಿಂದಿನ ಸೀಟಲ್ಲಿ ಕೂತು ನೋಡು!"

ರಾತ್ರಿಯೇ ಕಾರಿನ ಕೈಪಿಡಿ ಓದಿ ಪಂಡಿತೆಯಾದೆ. ಎಂಜಿನ್ನಿಗೆ ಹೋಗುವ ಗಾಳಿಗೊಂದು ಫಿಲ್ಟರ್. ಅದು ಎಂಜಿನ್ನಿನ ಮೂಗು. ಎಣ್ಣೆಗೊಂದು, ಅದು ಮೂತ್ರಪಿಂಡ. ಡೀಸೆಲ್ಲಿಗೊಂದು, ಅದು ಹಿಟ್ಟಿನ ಜರಡಿ. ನಾಲ್ಕನೆಯದು ಒಳಗೆ ಕೂತವರು ಉಸಿರಾಡುವ ಗಾಳಿಯದು. ಅದು ಕಟ್ಟಿದರೆ ಗಾಜಿಗೆ ಗಾಳಿ ಸರಿಯಾಗಿ ಬೀಸದೆ ಮಬ್ಬು ಕವಿಯುತ್ತದೆ. ಇಷ್ಟೇನಾ! ಇದಕ್ಕಾ ಗಂಡಸರು ಬಾನೆಟ್ ಎತ್ತಿ, ಕಾಫಿ ಹಿಡಿದು, ತಾಸುಗಟ್ಟಲೆ ಹೂಂಗುಟ್ಟುವುದು!

ಶನಿವಾರ ಬೆಳಿಗ್ಗೆ ಕೆಲಸಕ್ಕಿಳಿದೆ. ಆ ಫಿಲ್ಟರ್ ಇರುವುದು ಓಡಿಸುವವರ ಸೀಟಿನ ಎದುರಿಗೆ ಅಲ್ಲ, ಪಕ್ಕದ ಸೀಟಿನ ಎದುರಿನ ಸಾಮಾನಿನ ಪೆಟ್ಟಿಗೆಯ ಹಿಂದೆ. ಪೆಟ್ಟಿಗೆ ಕಳಚಿದೆ. ಸೀಟಿನ ಮೇಲೆ ಅಂಗಾತ ಮಲಗಿ, ತಲೆ ಕೆಳಗೆ ತೂರಿಸಿ, ಕಾಲು ಬಾಗಿಲಾಚೆ ಹಿಮಕ್ಕೆ ಚಾಚಿ ಕೈ ಹಾಕಿದೆ. ಸಿಕ್ಕಿತು. ಅಷ್ಟರಲ್ಲಿ ಕೋಟಿನ ಟೋಪಿ ಯಾವುದೋ ಕೊಕ್ಕೆಗೆ ಸಿಕ್ಕಿಕೊಂಡಿತು! ಏಳಲಾಗದು, ಹೊರಳಲಾಗದು.

ಹೆಜ್ಜೆ ಸಪ್ಪಳ. ಪಕ್ಕದ ಮನೆಯ ರೇಯೊ, ನಾಯಿ ಅಡ್ಡಾಡಿಸುತ್ತಿದ್ದಾನೆ. ಸಪ್ಪಳ ನನ್ನ ಕಾಲುಗಳೆದುರು ನಿಂತಿತು.

"ಚಳಿ ಇದೆ," ಎಂದ, ನನ್ನ ಕಾಲುಗಳಿಗೆ.

"ಹೌದು," ಎಂದೆ, ಒಳಗಿನಿಂದ.

ಸಪ್ಪಳ ಮುಂದೆ ಹೋಯಿತು! ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ಕೇಳದೆ ನೆರವಿಗೆ ಹೋಗುವುದೆಂದರೆ ಪರರ ಮನೆಗೆ ನುಗ್ಗಿದ ಹಾಗೆ. ನನಗೋ, ಕೂಗಿ ಕೇಳಲು ಅಭಿಮಾನ. ಕೊನೆಗೆ ಕೋಟನ್ನೇ ಕೊಕ್ಕೆಗೆ ಬಿಟ್ಟುಕೊಟ್ಟು, ಹಾವು ಪೊರೆ ಬಿಟ್ಟಂತೆ ಜಾರಿ ಹೊರಬಂದೆ.

ಕೈಯಲ್ಲಿದ್ದ ಫಿಲ್ಟರ್ ನೋಡಬೇಕಿತ್ತು. ನೆರಿಗೆ ನೆರಿಗೆಯ ಕಾಗದ. ನೆರಿಗೆಗಳಲ್ಲಿ ಬರ್ಚ್ ಮರದ ಎಲೆ, ಧೂಳು, ಮೂಲೆಯಲ್ಲೊಂದು ಇಲಿಯ ಹಾಸಿಗೆ. ಆ ಹಾಸಿಗೆಗೆ ತಪಾನಿಯ ಕಳೆದುಹೋದ ಉಣ್ಣೆಯ ಕಾಲುಚೀಲದ ಎಳೆ! ಹೊಸದು ತರಬೇಕಿತ್ತು, ನಿಜ. ಆದರೆ ಗೃಹಿಣಿಯ ಬುದ್ಧಿ ಎಲ್ಲಿ ಹೋಗುತ್ತದೆ? ಜಿಡ್ಡಿನ ಜಾಲರಿಯನ್ನು ತೊಳೆದರೆ ಹೊಸದಾಗುತ್ತದೆ, ಇದೇಕಾಗದು? ಸೋಪು ಹಾಕಿ ತೊಳೆದೆ. ಮನೆಯಲ್ಲಿ ಏನೇ ಒದ್ದೆಯಾದರೂ ಒಣಗಿಸುವ ಜಾಗ ಒಂದೇ, ಸೌನಾ. ಆ ಬಿಸಿಕೋಣೆಯ ಮೇಲಿನ ಹಲಗೆಯ ಮೇಲೆ ಫಿಲ್ಟರನ್ನು ಅಂದವಾಗಿ ಹರಡಿ ಬಂದೆ.

ಮರೆತದ್ದು ಒಂದೇ, ಅವತ್ತು ಶನಿವಾರ. ಶನಿವಾರ ಸಂಜೆ ಸೌನಾ ಕಾಯಿಸುವುದೊಂದು ಕೆಲಸವನ್ನು ತಪಾನಿ ಯಾರೂ ಹೇಳದೆ ಮಾಡುತ್ತಾನೆ! ಅತ್ತೆ ಎಲ್ವಿ ಬಂದವರೇ ಕನ್ನಡಕ ಕಳಚಿಟ್ಟು ಮೊದಲ ಸರದಿಗೆ ಒಳಹೊಕ್ಕರು. ನಾನು ಕಾಫಿ ಸುರಿಯುತ್ತಿದ್ದವಳು ಥಟ್ಟನೆ ನೆನಪಾಗಿ ಓಡಿದೆ.

"ಅತ್ತೆ! ಏಳಿ, ಏಳಿ!"

"ಯಾಕಮ್ಮಾ ಹಿಲ್ಕಾ? ಹೊಸ ಹಾಸುಬಟ್ಟೆ ಚೆನ್ನಾಗಿದೆ. ಸ್ವಲ್ಪ ಗರಿಗರಿ, ಅಷ್ಟೇ. ಇಲಿ ವಾಸನೆ ಬರ್ತಿದೆಯಲ್ಲ, ಅದೆಲ್ಲಿಂದ?"

ಅತ್ತೆ ಎದ್ದರು. ಫಿಲ್ಟರ್ ಅಂಬಲಿಯಾಗಿತ್ತು. ಅದರ ನೆರಿಗೆಗಳು ಮಾತ್ರ ಅತ್ತೆಯ ಹಿಂಭಾಗದಲ್ಲಿ ಅಚ್ಚುಕಟ್ಟಾಗಿ ಮೂಡಿದ್ದವು!

ಬಿಡಿಭಾಗದ ಅಂಗಡಿ ಆಗಲೇ ಮುಚ್ಚಿತ್ತು. ಸೋಲುವವಳೇ ನಾನು? ಉಳಿದ ಚೌಕಟ್ಟಿಗೆ ಕಾಫಿ ಫಿಲ್ಟರ್ ಕಾಗದಗಳನ್ನು ನೆರಿಗೆ ಮಡಚಿ ಪಿನ್ನು ಹೊಡೆದು ಕೂರಿಸಿದೆ.

ಭಾನುವಾರ ಹೊರಟೆವು. ಪಕ್ಕದಲ್ಲಿ ಅತ್ತೆ, ಹಿಂದೆ ತಪಾನಿ. ಊರು ದಾಟುವಷ್ಟರಲ್ಲಿ ಗಾಜು ಮಬ್ಬು! ತಪಾನಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಹಿಂದಿನಿಂದ ಕೈ ಮಾತ್ರ ಬಂತು, ಒರೆಸುವ ಬಟ್ಟೆ ಹಿಡಿದು.

ಒರೆಸಿದೆ. ಮತ್ತೆ ಮಬ್ಬು. ಮಾರಾಟದ ಜಾಹೀರಾತು ಗಾಜಿನ ಮೇಲೆ ಬರೆದಂತೆ ಕಾಣತೊಡಗಿತು.

"ಈ ಕಿತ್ತಳೆ ದೀಪ ಕಣ್ಣಿಗೆ ಚುಚ್ಚುತ್ತಪ್ಪ," ಎಂದು ಅತ್ತೆ ಒಂದು ಗುಂಡಿ ಒತ್ತಿದರು. ದೀಪ ಆರಿತು. ಹಬೆ ಅಂಚಿನಿಂದ ಹಿಂದೆ ಸರಿಯಿತು, ಪರದೆ ಸರಿದ ಹಾಗೆ. ರಸ್ತೆ, ಪೈನ್ ಮರ, ಆಕಾಶ!

ಅದು ಹೊರಗಿನ ಗಾಳಿ ಬಿಡದೆ ಒಳಗಿನದನ್ನೇ ಸುತ್ತಿಸುವ ಗುಂಡಿ. ಸೆಪ್ಟೆಂಬರಿನಲ್ಲಿ ಗೊಬ್ಬರದ ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡಾಗ, ಮೂಗು ಮುಚ್ಚಿಕೊಂಡು ಅದನ್ನು ಒತ್ತಿದ್ದು ಯಾರು? ನಾನೇ! ಅಂದಿನಿಂದ ನನ್ನ ಉಸಿರೇ ನನ್ನ ಗಾಜಿಗೆ ಹೆಪ್ಪುಗಟ್ಟಿ, ಅದನ್ನು ನಾನೇ ಕೆರೆಯುತ್ತಿದ್ದೆ.

ತಪಾನಿ ಸೀಟಿಗೆ ಹಣೆ ಚಚ್ಚಿಕೊಂಡು ನಕ್ಕ. ನಾನೂ ನಕ್ಕೆ, ಕಣ್ಣೀರು ಬರುವಷ್ಟು. ಕಣ್ಣೊರೆಸಲು ಬಟ್ಟೆಯಂತೂ ಕೈಯಲ್ಲೇ ಇತ್ತು.

"ಗಾಡಿ ಇರಲಿ ಬಿಡು," ಎಂದ. "ಹಾಗೇ, ಈಗ ನಿನಗೆ ಕೈ ಪಳಗಿದೆಯಲ್ಲ, ನನ್ನ ಗಾಡಿ ಫಿಲ್ಟರೂ ನೀನೇ ಬದಲಾಯಿಸಿಬಿಡು ಕಣೇ."

ಅತ್ತೆ ಕಿಟಕಿಯತ್ತ ತಿರುಗಿ ಹೇಳಿದರು: "ನಾನೂ ಇವನಪ್ಪನ ಕಾಲುಚೀಲದ ತೂತು ಒಂದೇ ಒಂದು ಸಲ ಹೊಲಿದುಕೊಟ್ಟೆ. ಆಮೇಲೆ ಐವತ್ತು ವರ್ಷ."

ಸೋಮವಾರ ಸಂಜೆ ಎರಡು ಹೊಸ ಫಿಲ್ಟರ್ ತಂದೆ. ನನ್ನದನ್ನು ಹಾಕಿಕೊಂಡೆ. ಅವನದನ್ನು ಅವನ ಕಾಫಿ ಲೋಟದ ಪಕ್ಕ ಇಟ್ಟೆ.

ಮರುದಿನ ಬೆಳಗಾಗುವ ಮುಂಚೆ ಹಿಮ ಬಾಚಲು ಹೋದರೆ, ಅಂಗಳ ಆಗಲೇ ಬಾಚಿಯಾಗಿತ್ತು! ತಪಾನಿಯ ಕಾರಿನ ಬಾಗಿಲಿಂದ ಎರಡು ಕಾಲು ಹೊರಚಾಚಿದ್ದವು. ಒಳಗಿನಿಂದ ಗೊಣಗು. ಕೋಟಿನ ಟೋಪಿ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಈ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕೈ ಕೊಕ್ಕೆಯತ್ತ ಹೊರಟೇಬಿಟ್ಟಿತು. ಅಲ್ಲೇ ತಡೆದೆ. ನನ್ನ ಕಾರಿನಿಂದ ಕಂಬಳಿ ತಂದು ಆ ಕಾಲುಗಳಿಗೆ ಹೊದಿಸಿದೆ.

"ಚಳಿ ಇದೆ," ಎಂದೆ.



"ಹೌದು," ಎಂದಿತು ದನಿ.

ನಾನು ಶಾಲೆಗೆ ಹೊರಟೆ.