ನಾಯಿಗೊಂದು ಚೆಕ್ಕುಬಂದಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನನ್ನ ಹೆಂಡತಿ ಸರೋಜ ಆಗಾಗ ಹೇಳುತ್ತಾಳೆ. ಜನ ಪಕ್ಕದ ಮನೆಯವರ ಕಾರು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ, ಷಡ್ಡಕನ ಮನೆಗೆ ಮಹಡಿ ಎದ್ದರೆ ಊಟ ಬಿಡುತ್ತಾರೆ, ಜೊತೆಯವನಿಗೆ ಬಡ್ತಿ ಸಿಕ್ಕರೆ ಜ್ವರ ಬಂದು ಮಲಗುತ್ತಾರೆ. ಇದನ್ನೆಲ್ಲ ನಾನೂ ಸಾಧ್ಯವಾದಷ್ಟು ಮಾಡಿದ್ದೇನೆ. ಆದರೆ ತಲೆ ನರೆತ ಮೇಲೆ, ಕನ್ನಡಕದ ನಂಬರು ಹೆಚ್ಚಾದ ಮೇಲೆ, ಒಂದು ನಾಯಿಯ ದೆಸೆಯಿಂದ ಹೊಟ್ಟೆಕಿಚ್ಚು ಪಟ್ಟು ಸೊರಗಿದವನು ಹೊಸದುರ್ಗ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅದೂ ಬೇರೆಯವರ ನಾಯಿಯಲ್ಲ, ನನ್ನದೇ ನಾಯಿ. ಬೇರೆಯವರ ನಾಯಿಯಾಗಿದ್ದರೆ ನನ್ನ ಸಂಕಟಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ನಾಯಿಯ ಹೆಸರು ಕೆಂಚ. ಸರೋಜಳ ತವರು ಮಾಡದಕೆರೆಯಿಂದ ಮರಿಯಾಗಿದ್ದಾಗ ತಂದದ್ದು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು, ದಾರಿಯಲ್ಲಿ ಎರಡು ಸಲ ನನ್ನ ಪ್ಯಾಂಟು ಒದ್ದೆ ಮಾಡಿ, ನಮ್ಮ ಮನೆಯ ಹೊಸ್ತಿಲು ದಾಟಿದ ಪ್ರಾಣಿ. ಜಂತುಹುಳದ ಔಷಧಿ ಕುಡಿಸಿದವನು ನಾನು. ಚುಚ್ಚುಮದ್ದು ಹಾಕಿಸಲು ಹೋಗಿ, ಚುಚ್ಚಿದ ಡಾಕ್ಟರನ್ನು ಬಿಟ್ಟು ಹಿಡಿದುಕೊಂಡಿದ್ದ ನನ್ನ ಕೈಯನ್ನೇ ಕಚ್ಚಿಸಿಕೊಂಡವನೂ ನಾನು. ಭಾನುವಾರ ಬಿಸಿಲಿನಲ್ಲಿ ಕೂತು ಅದರ ಕಿವಿಯೊಳಗಿನ ಉಣ್ಣೆಹುಳ ಕಿತ್ತವನೂ ನಾನೇ. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಕೆಂಚ ಬೆಳಗಾಗುತ್ತಲೇ ಮೈ ಮುರಿದು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ, ನೇರವಾಗಿ ಪಕ್ಕದ ಮನೆಯ ತಿಪ್ಪೇಸ್ವಾಮಿಯವರ ಹಿತ್ತಿಲಿಗೆ ಹೋಗುತ್ತಿತ್ತು. ಬಿಸಿಲೇರಿದ ಮೇಲೆ ಒಮ್ಮೆ ನಮ್ಮ ಮನೆಗೆ ಬಂದು, ಹಾಜರಿ ಹಾಕಿ ಹೋಗುವ ನೌಕರನ ಹಾಗೆ ಮುಖ ತೋರಿಸಿ, ಮತ್ತೆ ಅಲ್ಲಿಗೇ ನಡೆಯುತ್ತಿತ್ತು.

ತಿಪ್ಪೇಸ್ವಾಮಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಊರಿನಲ್ಲಿ ಅವರನ್ನು ಕಂಡರೆ ಇಷ್ಟಪಡದವರೇ ಇಲ್ಲ, ನನ್ನನ್ನು ಬಿಟ್ಟರೆ. ಅವರು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಇಬ್ಬರೂ ಒಂದೇ ಕಡೆ ಸೈಟು ತೆಗೆದುಕೊಂಡು ಒಟ್ಟಿಗೇ ಮನೆ ಕಟ್ಟಿದೆವು. ಒಂದೇ ದಿನ, ಒಂದೇ ತೋಟದಿಂದ ತಂದ ತೆಂಗಿನ ಸಸಿ ನೆಟ್ಟೆವು. ಅವರ ಮರದಲ್ಲಿ ಗೊನೆಯ ಮೇಲೆ ಗೊನೆ. ನನ್ನದು ಇಂದಿನವರೆಗೆ ಗರಿ ಬಿಟ್ಟು ಬೇರೇನನ್ನೂ ಬಿಟ್ಟಿಲ್ಲ. ಅವರ ಬೋರಿನಲ್ಲಿ ಸಿಹಿನೀರು, ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಇದನ್ನೆಲ್ಲ ನುಂಗಿಕೊಂಡಿದ್ದೆ. ನಿವೃತ್ತರಾದ ಮೇಲೆ ಅವರು ಅಡುಗೆ ಕಲಿತರು. ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ವಾಸನೆ ನಮ್ಮ ಪಡಸಾಲೆಗೆ ಬಂದು ಕೂರುತ್ತಿತ್ತು. ಬಜ್ಜಿಯೊಳಗಿನ ಮೆಣಸಿನಕಾಯಿಯನ್ನು ಎಳೆದು ತಾವು ತಿಂದು, ಮೇಲಿನ ಕಡಲೆಹಿಟ್ಟಿನ ಕವಚವನ್ನು ಆರಿಸಿ ಕೆಂಚನಿಗೆ ಕೊಡುತ್ತಿದ್ದರು. ನಾನು ಕೆಂಚನಿಗೆ ಹಾಕುತ್ತಿದ್ದದ್ದು ಹಾಲನ್ನ. ಸೋಲು ಅಲ್ಲೇ ನಿಶ್ಚಯವಾಗಿತ್ತು.

ಆದರೂ ಸಹಿಸಿಕೊಂಡಿದ್ದೆ, ಗ್ಯಾಸ್ ಸಿಲಿಂಡರಿನವನು ಬರುವವರೆಗೆ. ಅವನು ಸಿಲಿಂಡರ್ ಇಳಿಸಿ, ಬೆವರು ಒರೆಸಿಕೊಂಡು, ನಮ್ಮ ಗೇಟಿನ ಮುಂದೆ ಮಲಗಿದ್ದ ಕೆಂಚನನ್ನು ಮೆಚ್ಚುಗೆಯಿಂದ ನೋಡಿ ಹೇಳಿದ: “ಕಂಡಕ್ಟ್ರು ಸಾಕಿರೋ ನಾಯಿ ಭಾಳ ಒಳ್ಳೇದು ಬಿಡ್ರಿ ರೈಟ್ರೇ. ಪಾಪ, ನಿಮ್ಮ ಮನೇನೂ ಕಾಯ್ತೈತೆ.”

ರೈಟ್ರು ಎಂದರೆ ನಾನೇ. ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ, ಭಾಗಪತ್ರ ಬರೆಯುವುದು ನನ್ನ ಕಸುಬು. ಪ್ರತಿ ಪತ್ರದಲ್ಲೂ ಚೆಕ್ಕುಬಂದಿ ಬರೆಯಬೇಕು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ದಾರಿಯೋ ದಕ್ಷಿಣಕ್ಕೋ ಎಂದು ನಾಲ್ಕು ದಿಕ್ಕಿನ ಎಲ್ಲೆ ಹೇಳುವುದೇ ಚೆಕ್ಕುಬಂದಿ. ಅಣ್ಣತಮ್ಮಂದಿರು ನನ್ನ ಮೇಜಿನ ಮುಂದೆ ಕೊರಳಪಟ್ಟಿ ಹಿಡಿದುಕೊಂಡಾಗ, ನಾನು ಶಾಂತವಾಗಿ ಅವರವರ ಎಲ್ಲೆ ಬರೆದು ಕಳಿಸಿದ್ದೇನೆ. ಇಡೀ ತಾಲ್ಲೂಕಿನ ಗಡಿ ಬರೆದ ನನಗೆ ಒಂದು ನಾಯಿಯ ಗಡಿ ಗೊತ್ತು ಮಾಡಲು ಆಗಲಿಲ್ಲವಲ್ಲ ಎಂದು ಅಂದು ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕಟ್ಟಿಹಾಕಿ ನೋಡಿದೆ. ಕೆಂಚ ಇಡೀ ಬೀದಿಗೆ ಕೇಳುವ ಹಾಗೆ ಅತ್ತಿತು. “ಏನ್ ಕೊಲೆ ಮಾಡ್ತಿದೀರೇನ್ರಿ?” ಎಂದು ಎದುರು ಮನೆಯವರು ಬಂದು ವಿಚಾರಿಸಿದರು. ನಮ್ಮಿಬ್ಬರ ಮನೆಗಳ ನಡುವೆ ಗೋಡೆ ಇಲ್ಲ, ನಾಲ್ಕು ಎಲ್ಲೆಕಲ್ಲುಗಳಿವೆ ಅಷ್ಟೇ. ಗೋಡೆ ಕಟ್ಟಿಸಿಬಿಡೋಣ ಎಂದೆ. ಸರೋಜ ಒಪ್ಪಲಿಲ್ಲ. “ಇಷ್ಟು ವರ್ಷ ಇಲ್ಲದ್ದು ಈಗ ಗೋಡೆ ಎಬ್ಬಿಸಿದ್ರೆ ಅವರು ಏನ್ ಅನ್ಕಳಲ್ಲ? ನಾಯಿ ಸಲುವಾಗಿ ಜಗಳ ಆಡಿದ್ರು ಅಂತ ಊರೆಲ್ಲ ಆಡ್ಕಳ್ತಾರೆ.” ಊರು ಆಡಿಕೊಳ್ಳುವುದಕ್ಕೆ ನಾನು ಹೆದರುತ್ತೇನೆ. ಹೀಗಾಗಿ ನನಗೆ ಬೇಕಾಗಿದ್ದದ್ದು ಕಣ್ಣಿಗೆ ಕಾಣದ ಗೋಡೆ.

ಅದು ಇದೆ ಎಂದು ಗೊತ್ತಾದದ್ದು ಹಿರಿಯೂರಿನ ಕಡೆಯ ಕಕ್ಷಿದಾರರೊಬ್ಬರಿಂದ. ಧರ್ಮಪುರದ ಹತ್ತಿರ ಶೇಂಗಾ ಹೊಲ ಕೊಂಡು ತೋಟದ ಮನೆ ಮಾಡಿಕೊಂಡವರು. ಪತ್ರಕ್ಕೆ ಸಹಿ ಹಾಕಿಸಲು ಹೋಗಿದ್ದೆ. ಅವರ ನಾಯಿ, ಎಣ್ಣೆ ಹಚ್ಚಿ ಬಾಚಿದಂತಿದ್ದ ಜಾತಿ ನಾಯಿ, ನನ್ನನ್ನು ಕಂಡು ಓಡಿ ಬಂದದ್ದು ಬಯಲಿನ ನಡುವೆ ಏನೂ ಇಲ್ಲದ ಒಂದು ಜಾಗದಲ್ಲಿ ಗಕ್ಕನೆ ನಿಂತು, ತಿರುಗಿ ಹೋಗಿ ಯಜಮಾನರ ಕಾಲ ಬುಡದಲ್ಲಿ ಕುಳಿತಿತು. ನೆಲದೊಳಗೆ ಸುತ್ತಲೂ ತಂತಿ ಹೂತಿದೆಯಂತೆ, ನಾಯಿಯ ಕೊರಳಪಟ್ಟಿಯಲ್ಲಿ ಒಂದು ಪುಟ್ಟ ಡಬ್ಬಿಯಂತೆ. ತಂತಿಯ ಹತ್ತಿರ ಬಂದರೆ ಡಬ್ಬಿ ಮೊದಲು ಪೀಂ ಎನ್ನುತ್ತದೆ, ಇನ್ನೂ ಮುಂದೆ ಹೋದರೆ ಚುರುಕ್ಕೆನಿಸುತ್ತದೆ. “ನನ್ ಬಿಟ್ಟು ಎಲ್ಲೂ ಹೋಗಲ್ಲ ಇದು,” ಎಂದು ಆ ಮನುಷ್ಯ ನಾಯಿಯ ತಲೆ ಸವರಿದರು. ಅವರ ಹೊಲವನ್ನು ನೋಡಿ ನನಗೆ ಏನೂ ಅನಿಸಿರಲಿಲ್ಲ. ಆ ಒಂದು ಮಾತಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ವಾಪಸ್ ಬರುವ ಬಸ್ಸಿನಲ್ಲಿಯೇ ಫೋನಿನಲ್ಲಿ ಹುಡುಕಿ ಅದನ್ನು ತರಿಸಿದೆ.

ಪೆಟ್ಟಿಗೆ ಬಂದ ದಿನ, ಕೊರಳಪಟ್ಟಿಯ ಡಬ್ಬಿಯನ್ನು ಮೊದಲು ನನ್ನ ಅಂಗೈಗೆ ಹಿಡಿದು, ತಂತಿಯ ಹತ್ತಿರ ಒಯ್ದು ನೋಡಿದೆ. ಕೈ ಮೊಣಕೈವರೆಗೆ ಜುಂ ಎಂದಿತು. ಬಾಯಿಂದ ಬಂದ ಶಬ್ದ ಕೇಳಿ ಸರೋಜ ಒಳಗಿನಿಂದ ಓಡಿ ಬಂದಳು. “ಆ ಮೂಕ ಪ್ರಾಣಿಗೆ ಕರೆಂಟ್ ಕೊಡ್ತೀರಾ? ಅದಕ್ಕೆ ಕರೆಂಟ್ ಕೊಟ್ಟ ದಿನ ನಿಮಗೆ ಅನ್ನ ಕೊಡಲ್ಲ, ತಿಳ್ಕಳ್ರಿ,” ಎಂದಳು. ಅವಳು ಹೇಳಿದ್ದನ್ನು ಮಾಡುವ ಪೈಕಿ. ನನಗೂ ಮನಸ್ಸಿರಲಿಲ್ಲವೆನ್ನಿ. ಶಾಕ್ ಬಂದ್ ಮಾಡಿ ಪೀಂ ಎನ್ನುವುದನ್ನು ಮಾತ್ರ ಉಳಿಸಿದೆ.

ಇನ್ನು ತಂತಿ ಹೂಳುವುದು. ಎಲ್ಲೆಯಿಂದ ಒಂದಷ್ಟು ಒಳಗೆ ಹೂಳಬೇಕು ಎಂದು ಜೊತೆಗೆ ಬಂದ ಹಾಳೆಯಲ್ಲಿತ್ತು. ಅಲ್ಲಿ ನನ್ನ ಕಸುಬು ಅಡ್ಡ ಬಂತು. ಒಳಗೆ ಹೂತರೆ ಅಷ್ಟು ಜಾಗವನ್ನು ನಾನೇ ತಿಪ್ಪೇಸ್ವಾಮಿಯವರಿಗೆ ಬಿಟ್ಟುಕೊಟ್ಟ ಹಾಗಾಗುವುದಿಲ್ಲವೆ? ತೆಂಗಿನಕಾಯಿ, ಸಿಹಿನೀರು, ನಾಯಿ ಎಲ್ಲ ಅವರ ಪಾಲಾಗಿರುವಾಗ ನೆಲವನ್ನೂ ಕೊಡಲೆ? ಎಲ್ಲೆಕಲ್ಲಿನಿಂದ ಎಲ್ಲೆಕಲ್ಲಿಗೆ ದಾರ ಹಿಡಿದು, ಕೂದಲೆಳೆಯಷ್ಟೂ ಬಿಡದೆ, ಸರಿಯಾಗಿ ಗಡಿಯ ಮೇಲೆಯೇ ತಂತಿ ಹೂತೆ. ಅವರ ಅಡುಗೆಮನೆಯ ಕಿಟಕಿ ಆ ಗಡಿಗೆ ಕೈಯಳತೆಯಲ್ಲಿತ್ತು. ನಾನು ಆಗ ಕಿಟಕಿಯ ಬಗ್ಗೆ ಯೋಚಿಸಲಿಲ್ಲ, ನೆಲದ ಬಗ್ಗೆ ಮಾತ್ರ ಯೋಚಿಸಿದೆ.

ಕೆಂಚನಿಗೆ ತರಬೇತಿ ಶುರುವಾಯಿತು. ಹಗ್ಗ ಹಿಡಿದು ಗಡಿಯವರೆಗೆ ಕರೆದುಕೊಂಡು ಹೋಗುವುದು, ಪೀಂ ಎಂದ ಕೂಡಲೇ ಹಿಂದಕ್ಕೆ ಕರೆದು ಬಿಸ್ಕತ್ತು ಕೊಡುವುದು. ಹೀಗೆ ಮಾಡುತ್ತಾ ಮಾಡುತ್ತಾ ಒಂದು ದಿನ ಹಗ್ಗ ಬಿಚ್ಚಿಬಿಟ್ಟೆ. ನಂಬಿದರೆ ನಂಬಿ, ಕೆಂಚ ಗಡಿಯವರೆಗೆ ಹೋಗಿ ನಿಂತಿತು. ದಾಟಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆ ವಾರ ಕಚೇರಿಯ ಎದುರು ನಾನು ಬರೆದ ಕ್ರಯಪತ್ರಗಳ ಅಕ್ಷರವೇ ದುಂಡಗಿತ್ತು. ಸಂಜೆ ಬೇಕೆಂದೇ ಅಂಗಳದಲ್ಲಿ ನಿಂತು, ತಿಪ್ಪೇಸ್ವಾಮಿಯವರಿಗೆ ಕೇಳುವ ಹಾಗೆ, “ಕೆಂಚಾ, ಇಲ್ಲೇ ಇರ್ಬೇಕಪ್ಪ, ನಿನ್ನ ಮನೆ ಇದು,” ಎನ್ನುತ್ತಿದ್ದೆ. ಅವರು ಕಿಟಕಿಯಿಂದ ನಗುತ್ತಾ ಕೈ ಬೀಸುತ್ತಿದ್ದರು. ಸೋತವನ ನಗು ಅಂದುಕೊಂಡೆ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಮನೆ ಬಿಟ್ಟು ಹೋಗದ ಕೆಂಚ ಮನೆಯ ಅನ್ನವನ್ನೂ ಮುಟ್ಟುತ್ತಿರಲಿಲ್ಲ, ಆದರೆ ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಕೊರಳಪಟ್ಟಿಯನ್ನು ಒಂದು ತೂತು ಸಡಿಲ ಮಾಡಬೇಕಾಯಿತು. ಪ್ರೀತಿಯಿಂದಲೇ ಮೈ ತುಂಬಿಕೊಂಡಿದೆ ಎಂದು ನಾನು ಸರೋಜಳಿಗೆ ಹೇಳಿದೆ. ಅವಳು, ಹಾಲು ಉಕ್ಕುತ್ತದೆ ಎಂದು ಒಳಗೆ ಓಡಿದಳು.

ಒಂದು ಸಂಜೆ ಬೇಗ ಮನೆಗೆ ಬಂದೆ. ಕೆಂಚ ಕಿಟಕಿಯ ಕೆಳಗೆ ಗಡಿಯ ಮೇಲೆ ನಿಂತಿತ್ತು. ಕೊರಳಿನ ಡಬ್ಬಿ ಪೀಂ ಪೀಂ ಎನ್ನುತ್ತಿತ್ತು. ನಾಯಿ ಹೆದರಿ ಹಿಂದೆ ಸರಿಯಲಿಲ್ಲ. ಬಾಲ ಅಲ್ಲಾಡಿಸುತ್ತಾ ಕಿಟಕಿಯನ್ನೇ ನೋಡುತ್ತಿತ್ತು. ಕಿಟಕಿಯಿಂದ ಒಂದು ಕೈ ಬಂತು, ಕಡಲೆಹಿಟ್ಟಿನ ಕವಚ ಕೊಟ್ಟಿತು. ಕೆಂಚ ಅದನ್ನು ನುಂಗಿ, ಎರಡು ಹೆಜ್ಜೆ ಹಿಂದೆ ಬಂದು ಪೀಂ ನಿಲ್ಲಿಸಿ, ಮತ್ತೆ ಎರಡು ಹೆಜ್ಜೆ ಮುಂದೆ ಹೋಗಿ ಪೀಂ ಎನ್ನಿಸಿತು. ಮತ್ತೆ ಕೈ ಬಂತು.

ತಿಪ್ಪೇಸ್ವಾಮಿ ನನ್ನನ್ನು ಕಂಡು ಮುಖವರಳಿಸಿದರು. “ಬರ್ರಿ ರೈಟ್ರೇ. ನಿಮ್ ನಾಯಿಗೆ ಬೆಲ್ ಕಟ್ಸಿದ್ದು ಭಾಳ ಚಲೋ ಆತು ನೋಡ್ರಿ. ಮೊದ್ಲು ಅದು ಬಂದಿದ್ದೇ ಗೊತ್ತಾಗ್ತಿರ್ಲಿಲ್ಲ, ಪಾಪ, ಸುಮ್ನೆ ಕಾಯ್ಕಂಡು ಕುಂತಿರ್ತಿತ್ತು. ಈಗ ಬಂದ ತಕ್ಷಣ ಬೆಲ್ ಹೊಡಿತೈತೆ. ಇಡೀ ಸರ್ವೀಸು ಬೆಲ್ ಹೊಡ್ದೋನು ನಾನು, ರಿಟೈರ್ ಆದ್ಮೇಲೆ ಆ ಸದ್ದಿಲ್ದೆ ಮನಸ್ಸು ಬಿಕೋ ಅಂತಿತ್ತು. ಇಂಥ ಯೋಚ್ನೆ ನಿಮಗೇ ಬರ್ಬೇಕು ಬಿಡ್ರಿ!”

ಆ ಮನುಷ್ಯ ನಿಜವಾಗಿಯೂ ಕೃತಜ್ಞತೆಯಿಂದ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಒಳಗೆ ಹೋದರೆ ಸರೋಜ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. “ನಿಮ್ಮ ಖುಷಿ ಯಾಕೆ ಕೆಡಿಸ್ಬೇಕು ಅಂತ ಸುಮ್ನಿದ್ದೆ ಕಣ್ರಿ,” ಎಂದಳು. ಹೆಂಡತಿ, ನಾಯಿ, ನೆರೆಮನೆಯವರು ಮೂವರೂ ಒಂದು ಪಕ್ಷ, ನಾನೊಬ್ಬ ಒಂದು ಪಕ್ಷ.

ಮಾರನೆಯ ಸಂಜೆ ನಿರ್ಧಾರ ಮಾಡಿದೆ. ಈ ವ್ಯವಸ್ಥೆಯೇ ಬೇಡ, ನಾಯಿ ಎಲ್ಲಿಗೆ ಬೇಕಾದರೂ ಹೋಗಲಿ, ನನಗೇನು? ಕೆಂಚನ ಕೊರಳಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು, ಹೂತ ತಂತಿಯನ್ನು ಕಿತ್ತುಹಾಕಲು ಗಡಿಗೆ ಹೋಗಿ ಕಿಟಕಿಯ ಕೆಳಗೆ ಬಗ್ಗಿದೆ. ಕೈಯಲ್ಲಿದ್ದ ಡಬ್ಬಿ ಪೀಂ ಎಂದಿತು. ನಾನು ಅದರ ಗುಂಡಿ ಹುಡುಕುವಷ್ಟರಲ್ಲಿ ಒಳಗಿನಿಂದ, “ಬಂದೆ ತಡಿಯಲೇ, ಎಣ್ಣೆ ಕಾಯ್ತೈತೆ,” ಎಂದು ದನಿ ಕೇಳಿತು. ಒಲೆಯ ಕಡೆ ಮುಖ ಮಾಡಿದ್ದ ತಿಪ್ಪೇಸ್ವಾಮಿ ತಿರುಗಿಯೂ ನೋಡದೆ ಕಿಟಕಿಯಿಂದ ಕೈ ಚಾಚಿದರು. ಬಿಸಿ ಬಿಸಿ ಬಜ್ಜಿಯ ಕವಚ, ಓಮದ ಘಮ. ನನ್ನ ಮೂಗಿನ ನೇರಕ್ಕೆ.

ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಕೇಳಬೇಡಿ. ಬಾಯಿಗೆ ಹಾಕಿಕೊಂಡೆ. ಹಾಲನ್ನ ಹಾಕಿ ಈ ಬಜ್ಜಿಯ ಮುಂದೆ ಗೆಲ್ಲಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಲಿಗೆಯ ಸದ್ದು ಬೇರೆಯಾಗಿ ಕೇಳಿತೋ ಏನೋ, ತಿಪ್ಪೇಸ್ವಾಮಿ ತಿರುಗಿ ನೋಡಿದರು.

“ಅಯ್ಯೋ, ರೈಟ್ರೇ, ನೀವಾ!” ಎಂದರು. ನಗಲಿಲ್ಲ. “ತಡೀರಿ, ನಿಮಗೆ ಮೆಣಸಿನಕಾಯಿ ಇರೋದೇ ಕೊಡ್ತೀನಿ.”

ಕೆಂಚ ನನ್ನ ಹಿಂದೆ ಬಂದು ನಿಂತಿತ್ತು. ಬರಿಕೊರಳು, ಜೋಲುಬಿದ್ದ ಬಾಲ. ಕಿಟಕಿಯನ್ನು ನೋಡಿತು, ನನ್ನ ಬಾಯಿಯನ್ನು ನೋಡಿತು, ಗಂಟಲಲ್ಲಿ ಸಣ್ಣಗೆ ಗುರ್ ಎಂದಿತು. ಆ ನೋಟ ನನಗೆ ಹೊಸದಲ್ಲ. ಪಕ್ಕದ ಮನೆಯ ತೆಂಗಿನ ಗೊನೆ ನೋಡುವಾಗ ನನ್ನ ಮುಖ ಹಾಗೇ ಇರುತ್ತದೆ ಎಂದು ಸರೋಜ ಹೇಳುತ್ತಾಳೆ. ಹುಟ್ಟಿದಾಗಿನಿಂದ ಊರವರನ್ನೆಲ್ಲ ಕಂಡು ಹೊಟ್ಟೆಕಿಚ್ಚು ಪಟ್ಟು ಬದುಕಿದವನು ನಾನು. ನನ್ನನ್ನು ಕಂಡು ಒಂದು ಜೀವ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ಎರಡನೆಯ ಬಜ್ಜಿಯನ್ನು ಕೆಂಚನಿಗೆ ಚೆನ್ನಾಗಿ ಕಾಣುವ ಹಾಗೆ ನಿಂತು, ನಿಧಾನವಾಗಿ ತಿಂದೆ.